ಗಂಟುಗಿಡದ ವಿಳಾಸ

ಊರಿನವರ ಬಾಯಲ್ಲಿ ಅದು ಹುಲ್ಲಾಫೀಸು. ಬಾಗಿಲ ಮೇಲೆ ಉದ್ದನೆಯ ಗೌರವದ ಹೆಸರೊಂದು ಇದ್ದೇ ಇತ್ತು, ಆದರೆ ಬಸ್ಸಿನಲ್ಲಿ ಅದನ್ನು ಪೂರ್ತಿ ಹೇಳಿ ಮುಗಿಸುವಷ್ಟರಲ್ಲಿ ಸ್ಟಾಪು ದಾಟಿಹೋಗುತ್ತಿತ್ತು. "ಹುಲ್ಲಾಫೀಸ್ ಇಳಿಯೋರು ಯಾರ್ರೀ!" ಎಂದು ಕಂಡಕ್ಟರ್ ಕೂಗುತ್ತಿದ್ದ. ಇಳಿಯುವವಳು ಸಾಮಾನ್ಯವಾಗಿ ಅವಳೊಬ್ಬಳೇ.

ಒಳಗೆ ನಾಲ್ಕು ಲಕ್ಷ ಒಣಗಿದ ಗಿಡಗಳು, ಹಾಳೆಗೊಂದರಂತೆ, ಕಬ್ಬಿಣದ ಬೀರುಗಳಲ್ಲಿ ಮಲಗಿದ್ದವು. ಹೊರಗಿನಿಂದ ಬಂದ ಗಿಡವನ್ನು ರದ್ದಿಕಾಗದಗಳ ನಡುವೆ ಒತ್ತಿ ಒಣಗಿಸಿ, ದಪ್ಪ ಹಾಳೆಗೆ ಅಂಟಿಸಿ, ಅದು ಎಲ್ಲಿ, ಯಾವಾಗ, ಯಾರ ಕೈಗೆ ಸಿಕ್ಕಿತೆಂಬ ಚೀಟಿಯನ್ನು ಬಲಮೂಲೆಗೆ ಹಚ್ಚುವುದು ಅವಳ ಕೆಲಸ. ಅವಳಿಗಿಂತ ಮೊದಲು ಅದೇ ಮೇಜಿನ ಮುಂದೆ, ಅದೇ ಒಂದು ಕಾಲು ಗಿಡ್ಡವಾದ ಕುರ್ಚಿಯಲ್ಲಿ, ಅವಳ ಅಪ್ಪ ಕೂತಿದ್ದ. ಒಲೆಯ ಮೇಲೆ ಗೋಂದು ಕಾಯಿಸಿ ಕಾಯಿಸಿ ಅವನ ಹೆಸರೇ ಗೋಂದಪ್ಪ ಎಂದಾಗಿಬಿಟ್ಟಿತ್ತು. ಅವಳಿಗೂ ಒಂದು ಅಡ್ಡಹೆಸರು ಬೇಕಾಗಿತ್ತು, ಆದರೆ ಹೊಸದಾಗಿ ಯೋಚಿಸುವ ಪುರುಸೊತ್ತು ಯಾರಿಗಿತ್ತು? ವಯಸ್ಸು ನಲವತ್ತೊಂಬತ್ತು ದಾಟಿದರೂ ಗೋಂದಪ್ಪನ ಮಗಳು ಎಂದೇ ಉಳಿದಳು.

ಆ ಬುಧವಾರ ಬೆಳಿಗ್ಗೆ ಗಿಡದ ಡಾಕ್ಟರು ಅವಳ ಕೋಣೆಗೆ ನುಗ್ಗಿ ಬಂದಳು. ಮೂವತ್ತು ದಾಟದ ಹುಡುಗಿ, ಸಸ್ಯಗಳ ಮೇಲೆ ಡಾಕ್ಟರೇಟ್ ಮಾಡಿದವಳು. ಉಗುರು ತುಂಬ ಯಾವಾಗಲೂ ಮಣ್ಣು.

"ಅಕ್ಕಾ, ದಿನ ಗೊತ್ತಾಯ್ತು! ಮುಂದಿನ ಶುಕ್ರವಾರ. ನಾಲ್ಕನ್ನೂ ಒಟ್ಟಿಗೇ ನೆಡೋದು. ಡೈರೆಕ್ಟರು ಬರ್ತಾರೆ. ಮತ್ತೆ, ನಿಮ್ಮಪ್ಪನ್ನೂ ಕರ್ಕೊಂಡು ಬರಬೇಕು. ಆ ಹಾಳೆ ಅಂಟಿಸಿದವರು ಇನ್ನೂ ಇದ್ದಾರೆ ಅಂತ ಗೊತ್ತಾದ ತಕ್ಷಣ ಡೈರೆಕ್ಟರು, ಅವರದೇ ಎರಡು ಮಾತು ಇರಲಿ ಅಂದ್ರು."

ಅವಳ ಕೈಯಲ್ಲಿದ್ದ ಬ್ರಷ್ಷಿನಿಂದ ಗೋಂದು ತೊಟ್ಟಿಕ್ಕಿ ಮೇಜಿನ ಮೇಲೆ ಬಿತ್ತು. ಇಪ್ಪತ್ತೈದು ವರ್ಷದ ಸರ್ವಿಸಿನಲ್ಲಿ ಅಷ್ಟು ದೊಡ್ಡ ಹನಿ ಬಿದ್ದದ್ದು ಅದೇ ಮೊದಲು.

ಆ ನಾಲ್ಕು ಎಂದರೆ ಗಂಟುಗಿಡಗಳು. ಹಿತ್ತಲಿನ ಗಾಜಿನ ಮನೆಯಲ್ಲಿ, ನಾಲ್ಕು ಮಣ್ಣಿನ ಕುಂಡಗಳಲ್ಲಿ ನಿಂತಿದ್ದವು. ಜಗತ್ತಿನಲ್ಲಿ ಬೇರೆಲ್ಲೂ ಇರಲಿಲ್ಲ. ಗೇಣುದ್ದದ ಬಡಕಲು ಗಿಡ, ಸಾಸಿವೆಯಷ್ಟು ಬಿಳಿ ಹೂ, ನೋಡದೆ ತುಳಿದುಕೊಂಡು ಹೋಗುವಂಥದ್ದು. ನಲವತ್ತು ವರ್ಷದ ಹಿಂದೆ ಈ ಸಂಗ್ರಹವನ್ನು ಕಟ್ಟಿ ಬೆಳೆಸಿದ ವಿಜ್ಞಾನಿ, ಆಫೀಸಿನವರೆಲ್ಲ ದೊಡ್ಡವರು ಎಂದು ಕರೆಯುತ್ತಿದ್ದವರು, ಉತ್ತರದ ಗುಡ್ಡದ ತೊರೆಯ ದಂಡೆಯಲ್ಲಿ ಒಂದೇ ಒಂದು ಗಿಡ ಕಿತ್ತು ತಂದರೆಂದು ಚೀಟಿ ಹೇಳುತ್ತಿತ್ತು. ಗೋಂದಪ್ಪ ಅದನ್ನು ಅಂಟಿಸಿದ. ಮರುವರ್ಷ ದೊಡ್ಡವರು ಆ ಹಾಳೆಯನ್ನು ಮುಂದಿಟ್ಟುಕೊಂಡು, ಇದು ಯಾರೂ ಕಾಣದ ಹೊಸ ಜಾತಿ ಎಂದು ಬರೆದರು. ಕಾಂಡದ ಬುಡದಲ್ಲಿ ಒಂದು ಗಂಟು ಕಾಣುತ್ತಿದ್ದುದರಿಂದ ಗಂಟಿನ ಹೆಸರನ್ನೇ ಇಟ್ಟರು. ಆಮೇಲೆ ಯಾರು ಹೋಗಿ ಹುಡುಕಿದರೂ ತೊರೆಯಲ್ಲಿ ಗಿಡ ಸಿಗಲಿಲ್ಲ. ಮೇಲ್ಗಡೆ ಕಲ್ಲುಕ್ವಾರಿ ಬಂದಿತ್ತು, ಬೇಸಿಗೆ ವರ್ಷದಿಂದ ವರ್ಷಕ್ಕೆ ಉದ್ದವಾಗುತ್ತಿತ್ತು, ತೊರೆ ಆರು ತಿಂಗಳು ಹರಿದು ಆರು ತಿಂಗಳು ಬರಿಗಲ್ಲಾಗುತ್ತಿತ್ತು. ಗಿಡ ಅಳಿದುಹೋಯಿತೆಂದು ಪುಸ್ತಕಗಳಲ್ಲಿ ಬರೆದರು. ಆ ಸಾವಿನ ಸುದ್ದಿಯಿಂದಲೇ ಕ್ವಾರಿ ನಿಂತಿತು, ಗುಡ್ಡಕ್ಕೆ ಬೇಲಿ ಬಂತು, ಬೇಲಿಯ ಬೋರ್ಡಿನ ಮೇಲೆ ಗಂಟುಗಿಡದ ಚಿತ್ರ ಬಂತು.

ನಾಲ್ಕು ವರ್ಷದ ಹಿಂದೆ ಗಿಡದ ಡಾಕ್ಟರು ಆ ಹಾಳೆ ತೆಗೆದಾಗ, ಮೂಲೆಯಲ್ಲಿ ಬೆರಳಗಲದ ಒಂದು ಕಾಗದದ ಪೊಟ್ಟಣ ಕಂಡಿತ್ತು. ಒಣಗಿದ ಗಿಡದಿಂದ ಉದುರಿದ ಪುಡಿಯನ್ನೂ ಬಿಸಾಡಬಾರದು, ಮಡಚಿ ಅದರ ಪಕ್ಕದಲ್ಲೇ ಇಡಬೇಕು ಎನ್ನುವುದು ಗೋಂದಪ್ಪನ ಹಟ. ಪೊಟ್ಟಣದಲ್ಲಿ ಧೂಳಿನಂಥ ಬೀಜಗಳಿದ್ದವು. ಇನ್ನೂರರಲ್ಲಿ ಏಳು ಮೊಳೆತವು. ಆ ದಿನ ಹುಲ್ಲಾಫೀಸಿನಲ್ಲಿ ಕುಣಿಯದವರೇ ಇಲ್ಲ. ಎರಡು ವರ್ಷದ ಹಿಂದೆ ಅವುಗಳಲ್ಲಿ ಮೂರನ್ನು ತೊರೆಯ ದಂಡೆಯಲ್ಲಿ ನೆಟ್ಟರು. ಎರಡು ತಿಂಗಳಲ್ಲಿ ಮೂರೂ ಸತ್ತವು. ಬಿಸಿಲು ಹೆಚ್ಚಾಯಿತು ಎಂದರು. ಉಳಿದ ನಾಲ್ಕು ಕುಂಡದಲ್ಲಿ ಹೂ ಬಿಟ್ಟವು, ಬೀಜ ಕಟ್ಟಲಿಲ್ಲ. ಗಂಟೂ ಬರಲಿಲ್ಲ. "ಕುಂಡದ ಮಣ್ಣು ಒಗ್ಗಿಲ್ಲ ಅಕ್ಕಾ. ತೊರೆ ಸೇರಿದ್ರೆ ಗಂಟು ತಾನಾಗೇ ಬರತ್ತೆ ನೋಡಿ" ಎಂದು ಡಾಕ್ಟರು ನಂಬಿಕೆಯಿಂದ ಹೇಳುತ್ತಿದ್ದಳು.

ಬರುವುದಿಲ್ಲವೆಂದು ಗೋಂದಪ್ಪನ ಮಗಳಿಗೆ ಗೊತ್ತಿತ್ತು. ಆ ಗಂಟನ್ನು ಹಾಕಿದವಳು ಅವಳೇ.

ಆಗ ಅವಳಿಗೆ ಒಂಬತ್ತು ವರ್ಷ. ಅಪ್ಪ ಅವಳೊಬ್ಬಳನ್ನೇ ಹೊರಗೆ ಕರೆದುಕೊಂಡು ಹೋದದ್ದು ಅಂತ ಇದ್ದರೆ ಆ ಒಂದು ಭಾನುವಾರ. ಅಮ್ಮ ತಲೆ ಬಾಚಿ ಎರಡು ಬಿಗಿ ಜಡೆ ಹಾಕಿದಳು. ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಅಪ್ಪನ ಕೈಯಲ್ಲಿ ಒಂದು ತಗಡಿನ ಡಬ್ಬ, ಕಂಕುಳಲ್ಲಿ ರದ್ದಿಕಾಗದದ ಕಟ್ಟು. ಬಸ್ಸು ಕೊನೆಯ ಸ್ಟಾಪಿನಲ್ಲಿ ಇಳಿಸಿದಾಗ ಎದುರಿಗೆ ಇಟ್ಟಿಗೆ ಗೂಡುಗಳು. ನೆಲವೆಲ್ಲ ಕೆಂಪು, ಗಾಳಿಯೂ ಕೆಂಪು. ಮಣ್ಣು ತೆಗೆದ ಜಾಗದಲ್ಲೆಲ್ಲ ಗುಂಡಿಗಳು, ಗುಂಡಿಗಳಲ್ಲೆಲ್ಲ ನೀರು: ಒಂದರಲ್ಲಿ ಹಸಿರು, ಇನ್ನೊಂದರಲ್ಲಿ ಚಹಾದ ಬಣ್ಣ, ಮತ್ತೊಂದರಲ್ಲಿ ಆಕಾಶ. ಹೆಜ್ಜೆ ಇಟ್ಟರೆ ಹತ್ತು ಕಪ್ಪೆ ಹಾರುತ್ತಿದ್ದವು. ನೀಲಿ ಏರೋಪ್ಲೇನ್ ಚಿಟ್ಟೆಗಳು ಅವಳ ಜಡೆಯ ಮೇಲೇ ಕೂರುತ್ತಿದ್ದವು. ಮನೆಯಲ್ಲಿ ನಾಲ್ಕು ಮಾತಾಡದ ಅಪ್ಪ ಅಲ್ಲಿ ಪ್ಯಾಂಟು ಮಡಚಿ ಬರಿಗಾಲಲ್ಲಿ ಕೆಸರಿಗಿಳಿದು, ಏನೋ ಗುನುಗುತ್ತ, ಬಗ್ಗಿ ಬಗ್ಗಿ ನಡೆದ. "ನಿನ್ನಜ್ಜಿ ಇಲ್ಲೇ ಇಟ್ಟಿಗೆ ಹೊರ್ತಿದ್ಲು. ನಾನು ನಿನ್ನಷ್ಟಿದ್ದಾಗ ಈ ಗುಂಡಿಯೆಲ್ಲ ನಂದೇ" ಎಂದ. ಯಾವ ರಾಜನೂ ಅಷ್ಟು ಗತ್ತಿನಿಂದ ಹೇಳಿರಲಾರ.

ಬರುವಾಗ ಡಬ್ಬ ಅವಳ ತೊಡೆಯ ಮೇಲಿತ್ತು. ಮುಚ್ಚಳದ ಸಂದಿಯಿಂದ ಒಂದು ಎಳೆ ಕಾಂಡ ಹೊರಗೆ ಇಣುಕುತ್ತಿತ್ತು. ಕೈ ಸುಮ್ಮನಿರಬೇಕಲ್ಲ, ಹೊರಗೆಳೆದು ಬುಡದ ಹತ್ತಿರ ಮೆಲ್ಲಗೆ ಒಂದು ಗಂಟು ಹಾಕಿದಳು. ಅಪ್ಪ ನೋಡಿ ಕೈ ಎತ್ತಿದ. ಎತ್ತಿದ ಕೈ ಅವಳ ತಲೆಯ ಮೇಲೆ ಇಳಿಯಿತು. "ಕಟ್ಟಿಬಿಟ್ಯಾ? ಸರಿ ಬಿಡು, ಇನ್ನು ಓಡಿಹೋಗಲ್ಲ."

ಇಪ್ಪತ್ತನಾಲ್ಕನೆಯ ವಯಸ್ಸಿಗೆ ಕೆಲಸಕ್ಕೆ ಸೇರಿದ ಮೊದಲ ವಾರ, ಎಲ್ಲರೂ ಹೊಗಳುವ ಆ ಹಾಳೆಯನ್ನು ನೋಡೋಣವೆಂದು ಬೀರು ತೆಗೆದಳು. ಕಾಂಡದ ಬುಡದ ಮೇಲೆ ಅಪ್ಪ ಒಂದು ಸಣ್ಣ ಕಾಗದದ ಪಟ್ಟಿ ಅಂಟಿಸಿದ್ದ. ಒಣಗಿ ಚಪ್ಪಟೆಯಾದ ಗಂಟು ಅರ್ಧ ಅದರಡಿಯಲ್ಲಿ, ಅರ್ಧ ಹೊರಗೆ. ಹೊಸ ಜಾತಿಗೆ ಸಾಕ್ಷಿಯಾದ ಹಾಳೆಯ ಪಟ್ಟಿಯನ್ನು ಯಾರೂ ಬಿಚ್ಚುವ ಹಾಗಿಲ್ಲ. ಬಿಚ್ಚಿದ್ದರೆ ಮಗು ಕೂಡ ಹೇಳುತ್ತಿತ್ತು, ಇದು ಕೈಯಿಂದ ಹಾಕಿದ ಗಂಟೆಂದು. ಅವಳು ಬೀರು ಮುಚ್ಚಿದಳು. ಬಾಯನ್ನೂ. ಆ ಭಾನುವಾರ ಅವಳ ಪಾಲಿಗಿದ್ದ ಒಂದೇ ಭಾನುವಾರ. ಅದನ್ನು ಪೊಲೀಸರ ಹಾಗೆ ವಿಚಾರಣೆ ಮಾಡಲು ಮನಸ್ಸಾಗಲಿಲ್ಲ. ಮೊದಲ ಮೂರು ಗಿಡಗಳನ್ನು ತೊರೆಗೆ ಒಯ್ದಾಗಲೂ, ಮಣ್ಣು ಮಣ್ಣೇ, ನೀರು ನೀರೇ, ಗಿಡಕ್ಕೇನು ವಿಳಾಸ ಓದಲು ಬರುತ್ತದೆಯೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಬರುತ್ತದೆಂದು ಆಮೇಲೆ ಗೊತ್ತಾಯಿತು.

ಶನಿವಾರ ಮಧ್ಯಾಹ್ನ ಅಪ್ಪ ಕಿಟಕಿಯ ಬೆಳಕಿಗೆ ಕನ್ನಡಿ ಒರಗಿಸಿಕೊಂಡು ಗಡ್ಡ ಹೆರೆಯುತ್ತಿದ್ದ. ಕಾರ್ಯಕ್ರಮಕ್ಕೆ ಇನ್ನೂ ಆರು ದಿನ ಇತ್ತು. ಇದು ರಿಹರ್ಸಲ್.

"ಎರಡು ಮಾತು ಅಂದ್ರಾ?" ಎಂದ. "ಎರಡೇ ಅಂದ್ರೆ ಕಷ್ಟ ಕಣೇ ಪುಟ್ಟಿ. ಇಪ್ಪತ್ತು ಮಾತಾದ್ರೆ ಸುಲಭ."

"ಅಪ್ಪಾ."

"ನೀಲಿ ಅಂಗಿ ಇಸ್ತ್ರಿ ಮಾಡ್ಕೊಡು. ಮೂವತ್ತಾರು ಸಾವಿರ ಹಾಳೆ ಅಂಟಿಸಿದ್ದೀನಿ, ಒಂದರ ಚೀಟಿ ಒಂದಕ್ಕೆ ಹೋಗಿಲ್ಲ. ಅದನ್ನ ಹೇಳ್ಬೇಕು."

"ಗಂಟು ಹಾಕಿದ್ದು ನಾನು, ಅಪ್ಪ."

ರೇಜರು ದವಡೆಯ ಮೇಲೆ ನಿಂತಿತು. ಕನ್ನಡಿಯೊಳಗಿಂದಲೇ ಅವಳನ್ನು ನೋಡಿದ. ಮುಖದ ಅರ್ಧಕ್ಕೆ ಸೋಪಿನ ನೊರೆ.

"ಇಪ್ಪತ್ತೈದು ವರ್ಷ ಆ ಕೋಣೇಲಿ ಕೂತಿದ್ದೀಯ. ಒಂದು ದಿನ ಕೇಳಲಿಲ್ಲ."

"ನೀನೂ ಹೇಳಲಿಲ್ಲ."

"ಮಗಳು ಅಂದ್ರೆ ಹೀಗಿರಬೇಕು ಅಂದ್ಕೊಂಡಿದ್ದೆ. ಈಗ್ಯಾಕೆ ಬಾಯಿ ಬಿಡ್ತಿದ್ದೀಯ ಮತ್ತೆ?"

"ನಾಲ್ಕೇ ಉಳಿದಿವೆ. ಶುಕ್ರವಾರ ಅವನ್ನೂ ಕೊಲ್ತಾರೆ. ನಿನ್ನ ಕೈಯಲ್ಲಿ ಭಾಷಣ ಮಾಡಿಸಿ ಕೊಲ್ತಾರೆ."

ಅವನು ಉಳಿದ ಅರ್ಧ ಮುಖವನ್ನು ಹೆರೆದು ಮುಗಿಸಿದ, ತುಂಬಾ ನಿಧಾನವಾಗಿ. ಆಮೇಲೆ ಹೇಳಿದ. ದೊಡ್ಡವರು ಆ ಸಲ ಗುಡ್ಡದಿಂದ ಇನ್ನೂರು ಗಿಡ ತಂದಿದ್ದರು. ಕೊನೆಯ ಸಂಜೆ ಮಳೆಯಲ್ಲಿ ಕಿತ್ತದ್ದು ಒಂದಿತ್ತು, ಸಣ್ಣದು, ಬಿಳಿ ಹೂವಿನದು. ಅವರೂ ಸರಿಯಾಗಿ ನೋಡಿರಲಿಲ್ಲ. ಒದ್ದೆ ಇದೆಯೆಂದು ಗೋಂದಪ್ಪ ಅದರ ಕಟ್ಟನ್ನು ಗೋಂದಿನ ಒಲೆಯ ಪಕ್ಕ ಇಟ್ಟ. ಊಟ ಮುಗಿಸಿ ಬರುವಷ್ಟರಲ್ಲಿ ಕಟ್ಟು ಕರಕಲಾಗಿ ಹೊಗೆಯಾಡುತ್ತಿತ್ತು.

"ಹೊಗೆಸೊಪ್ಪಿನ ಥರ ಆಗಿತ್ತು. ಮುಟ್ಟಿದ್ರೆ ಪುಡಿ. ನಾಳೆ ಕೇಳಿದ್ರೆ ಏನು ಹೇಳ್ಲಿ? ಅಷ್ಟರಲ್ಲಿ ನೆನಪಾಯ್ತು, ಇಂಥದ್ದೇ ಬಿಳಿ ಹೂವಿಂದು ಇಟ್ಟಿಗೆ ಗುಂಡೀಲಿ ಬೇಕಾದಷ್ಟಿತ್ತಲ್ಲ ಅಂತ. ಭಾನುವಾರ ಅದನ್ನ ತಂದು ತೊರೆಯ ಚೀಟಿ ಹಚ್ಚಿಬಿಟ್ಟೆ. ಕಳೆ ಅಂತ ತಿಳ್ಕೊಂಡಿದ್ದೆ ಕಣೇ! ಇಟ್ಟಿಗೆ ಗೂಡಿನ ಕಳೆ! ಅದನ್ನ ಅವ್ರು ನೋಡಿ, ಜಗತ್ತಲ್ಲೇ ಇಲ್ಲ ಇಂಥದ್ದು ಅಂತ ಕುಣಿದಾಡಿಬಿಟ್ರು. ಆಮೇಲೆ ಹೇಗೆ ಹೇಳೋದು? ಸುಳ್ಳು ಹೇಳ್ದೋನು ನಾನು, ಅದಕ್ಕೆ ಹೆಸರಿಟ್ಟೋರು ಅವರು."

"ಈಗ ಹೇಳು."

"ನಾನು ಸತ್ತ ಮೇಲೆ ನೀನೇ ಹೇಳು. ಹೇಗಿದ್ರೂ ಜಾಸ್ತಿ ದಿನ ಇಲ್ಲ."

"ಹತ್ತು ವರ್ಷದಿಂದ ಇದೇ ಹೇಳ್ತಿದ್ದೀಯ. ಶುಕ್ರವಾರದೊಳಗೆ ಹೋಗೋ ಅಂದಾಜಿದ್ರೆ ಹೇಳು, ಕಾಯ್ತೀನಿ."

ಅಪ್ಪನಿಗೆ ನಗು ತಡೆಯಲಾಗಲಿಲ್ಲ. ನಕ್ಕವನು ಥಟ್ಟನೆ ನಿಲ್ಲಿಸಿದ. ಮೂವತ್ತಾರು ಸಾವಿರ ಹಾಳೆಗಳ ಪೈಕಿ ಜನ ಹೆಸರು ಹಿಡಿದು ಹೇಳುವುದು ಆ ಒಂದನ್ನೇ. ಅದರಲ್ಲೇ ಅವನು ಸಿಕ್ಕಿಬಿದ್ದಿದ್ದ. ಅದು ಅವಳಿಗೂ ಕಂಡಿತು, ಆದರೂ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಸಂಜೆಯ ಹೊತ್ತಿಗೆ ಅವನಿಗೊಂದು ಉಪಾಯ ಹೊಳೆದಿತ್ತು. "ನೋಡು, ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ನಾಳೆ ಅಲ್ಲಿಗೆ ಹೋಗೋಣ. ಗಿಡ ಅಲ್ಲಿದ್ದೇ ಇರತ್ತೆ. ನೀನು ಒಂದು ಕಿತ್ಕೊಂಡು ಹೋಗಿ ಡಾಕ್ಟ್ರಿಗೆ ತೋರಿಸು, ಸುಮ್ನೆ ಅಡ್ಡಾಡೋವಾಗ ಸಿಕ್ತು ಅನ್ನು. ಅವರೇ ಓಡಿ ಬರ್ತಾರೆ. ಹಳೇದನ್ನ ಯಾರು ಕೆದಕ್ತಾರೆ?"

ಹಾಗೆ ನಲವತ್ತು ವರ್ಷದ ಮೇಲೆ ಅಪ್ಪ ಮಗಳು ಇನ್ನೊಂದು ಭಾನುವಾರ ಬಸ್ಸು ಹತ್ತಿದರು. ಈ ಸಲ ಕಿಟಕಿಯ ಸೀಟನ್ನು ಅವನಿಗೆ ಬಿಟ್ಟುಕೊಟ್ಟಳು. ಅಂದು ಬಸ್ಸು ಕೊನೆಯ ಸ್ಟಾಪೆಂದು ಇಳಿಸಿದ್ದ ಜಾಗ ಈಗ ಕೊನೆಯದಾಗಿರಲಿಲ್ಲ; ರಸ್ತೆ ಮುಂದೆ ಹೋಗಿತ್ತು, ಮನೆಗಳೂ ಅದರ ಹಿಂದೆ ಹೋಗಿದ್ದವು. ಗೂಡುಗಳ ಚಿಮಣಿ ಒಂದೂ ಇರಲಿಲ್ಲ. ಈಗ ಕಟ್ಟುವವರೆಲ್ಲ ಸಿಮೆಂಟಿನ ಬ್ಲಾಕು ತರುತ್ತಾರೆ, ಮಣ್ಣಿನ ಇಟ್ಟಿಗೆ ಯಾರಿಗೆ ಬೇಕು? ಗುಂಡಿಗಳನ್ನು ಒಡೆದ ಕಟ್ಟಡಗಳ ಚೂರುಪಾರು ಸುರಿದು ಮುಚ್ಚಿ, ಮೇಲೆ ಡ್ರೈವಿಂಗ್ ಕಲಿಸುವ ಮೈದಾನ ಮಾಡಿದ್ದರು. ಕಲಿಯುವವನೊಬ್ಬ ಡ್ರಮ್ಮುಗಳ ನಡುವೆ ಕಾರನ್ನು ಹಿಂದಕ್ಕೆ ಮುಂದಕ್ಕೆ ಎಳೆದಾಡುತ್ತಿದ್ದ. ಬಿಸಿಲು ಹತ್ತು ಗಂಟೆಗೇ ನೆತ್ತಿ ಸುಡುತ್ತಿತ್ತು.

ಅಪ್ಪ ಒಂದೊಂದೇ ಹೆಜ್ಜೆ ಎಣಿಸುವವನ ಹಾಗೆ ನಡೆದ. "ಇಲ್ಲಿ ದೊಡ್ಡ ಗೂಡು. ಇಲ್ಲಿ ಅಮ್ಮ ಕೂತು ಊಟ ಮಾಡ್ತಿದ್ದದ್ದು. ಇಲ್ಲೊಂದು ಗುಂಡಿ, ಅದರಲ್ಲಿ ಒಂದು ಆಮೆ ಇತ್ತು, ನಾವೆಲ್ಲ ಅದನ್ನ ಮೇಸ್ತ್ರಿ ಅಂತಿದ್ವಿ, ಯಾವಾಗ್ಲೂ ತಲೆ ಎತ್ತಿ ನಮ್ಮ ಕೆಲಸ ನೋಡ್ತಿತ್ತು." ಅವನು ಬೆರಳು ತೋರಿಸಿದ ಕಡೆಯೆಲ್ಲ ಟೈರಿನ ಗುರುತು.

ಮೈದಾನದ ತುದಿಯಲ್ಲಿ, ಕಾಂಪೌಂಡು ಗೋಡೆಗೂ ಚರಂಡಿಗೂ ನಡುವೆ, ಎರಡು ಗುಂಡಿ ಮುಚ್ಚದೆ ಉಳಿದಿದ್ದವು. ಅವಳು ಓಡಿದಳು. ಹತ್ತಿರ ಹೋದರೆ ಆಳೆತ್ತರದ ಹುಲ್ಲು. ಅಪ್ಪ ಮಂಡಿಯೂರಿ ಹುಲ್ಲನ್ನು ಸರಿಸಿ ಸರಿಸಿ ನೋಡಿದ. ಅವಳೂ ನೋಡಿದಳು. ಗಂಟೆ ಹನ್ನೆರಡಾಯಿತು. ಬಿಳಿ ಹೂವಿನ ಸುಳಿವೇ ಇರಲಿಲ್ಲ.

"ಇರಲ್ಲ ಇಲ್ಲಿ" ಎಂದ ಅಪ್ಪ ಕೊನೆಗೆ, ಅಂಗೈಯ ಮಣ್ಣು ಕೊಡವುತ್ತ. "ನಾನೊಬ್ಬ ಪೆದ್ದ. ಹಳೇ ಗುಂಡೀಲಿ ಅದು ಯಾವತ್ತೂ ಇರ್ಲಿಲ್ಲ. ಹೋದ ವರ್ಷ ಮಣ್ಣು ತೆಗ್ದಿರ್ತಾರಲ್ಲ, ಬೋಳು ನೆಲ, ಮೊಣಕಾಲುದ್ದ ನೀರು, ಅಲ್ಲಿ ಬರ್ತಿತ್ತು. ಎರಡು ವರ್ಷ ಇರೋದು. ಹುಲ್ಲು ಬಂತು ಅಂದ್ರೆ ಇದು ಹೋಯ್ತು. ಅಷ್ಟರಲ್ಲಿ ಪಕ್ಕದಲ್ಲಿ ಹೊಸ ಗುಂಡಿ ತೋಡಿರ್ತಿದ್ರು, ಅಲ್ಲಿಗೆ ಹೋಗ್ತಿತ್ತು. ನಮ್ಮ ಹಿಂದೆ ಹಿಂದೆನೇ ಬರ್ತಿತ್ತು ಅದು, ಸಾಕಿದ ನಾಯಿ ಥರ."

"ಗುಂಡಿ ತೋಡೋರಿಲ್ಲ ಅಂದ್ಮೇಲೆ?"

ಅವನು ಟೈರಿನ ಗುರುತುಗಳ ಕಡೆ ಕೈ ತೋರಿಸಿದ. ಮನುಷ್ಯರು ಬಂದು ಹಾಳುಮಾಡಿದರೆಂದು ಬೇಲಿ ಹಾಕಿ ಕಾದ ಗಿಡಕ್ಕೆ ಮನುಷ್ಯರ ಗುದ್ದಲಿಯೇ ತೊಟ್ಟಿಲಾಗಿತ್ತು. ಇದು ಯಾವ ಪುಸ್ತಕದಲ್ಲೂ ಇರಲಿಲ್ಲ. ಇಟ್ಟಿಗೆ ಹೊತ್ತ ಹೆಂಗಸಿನ ಮಗನೊಬ್ಬನ ತಲೆಯಲ್ಲಿ ಇತ್ತು, ಆ ತಲೆಗೆ ಎಪ್ಪತ್ತಾರು ವರ್ಷವಾಗಿತ್ತು. ತಿರುಗಿ ಬಂದು ಬಸ್ಸು ಇಳಿಯುವಾಗ ಅಪ್ಪ, "ನಾಳೆ ಎಷ್ಟು ಗಂಟೆಗೆ ಹೊರಡ್ತೀಯ?" ಎಂದು ಕೇಳಿದ.

ಸೋಮವಾರ ಗಿಡದ ಡಾಕ್ಟರು ಅವರಿಬ್ಬರನ್ನು ನೋಡಿ ಎದ್ದು ನಿಂತು ಕುರ್ಚಿ ಎಳೆದಳು. "ಬನ್ನಿ ಅಜ್ಜಾ, ಭಾಷಣ ರೆಡಿನಾ?"

"ಆಗಿದೆ ತಾಯಿ. ಈಗಲೇ ಹೇಳ್ಬಿಡ್ತೀನಿ" ಎಂದು ಅಪ್ಪ ನಿಂತುಕೊಂಡೇ ಹೇಳಿದ. ಹೇಳುವಾಗ ಒಂದೇ ಒಂದು ನೆಪವನ್ನೂ ಸೇರಿಸಲಿಲ್ಲ. ನೀಲಿ ಅಂಗಿ ಹಾಕಿಕೊಂಡಿದ್ದ.

ಡಾಕ್ಟರು ಮೊದಲು ನಕ್ಕಳು, ತಮಾಷೆಯೆಂದುಕೊಂಡು. ಆಮೇಲೆ ಬೀರಿನಿಂದ ಹಾಳೆ ತಂದು, ಭೂತಕನ್ನಡಿಯನ್ನು ಗಂಟಿನ ಮೇಲೆ ಹಿಡಿದಳು. ಬಹಳ ಹೊತ್ತು ಹಿಡಿದಳು. ಪಟ್ಟಿಯ ಪಕ್ಕದಲ್ಲಿ ಕಾಂಡ ತನ್ನ ಮೇಲೆ ತಾನೇ ಹಾದುಹೋದದ್ದು, ಗೊತ್ತಿದ್ದು ನೋಡಿದರೆ, ಶೂಲೇಸಿನಷ್ಟು ಸ್ಪಷ್ಟವಾಗಿತ್ತು.

"ನಾನು ಆ ತೊರೆ ಹತ್ತಿರ ಕೂತು ಅತ್ತಿದ್ದೆ" ಎಂದಳು. "ಮೂರು ಸತ್ತಾಗ. ನಿಮಗೆ ಗೊತ್ತಿತ್ತು ಅಲ್ವಾ ಅಕ್ಕಾ? ನೀವೇ ಅಲ್ವಾ ನನಗೆ ನೀರು ಕುಡಿಸಿದ್ದು?"

ಅವಳಿಗೆ ನೆಲ ಬಾಯಿಬಿಡಬಾರದೇ ಎನ್ನಿಸಿತು. "ಗೊತ್ತಿತ್ತು" ಎಂದಳು.

"ಇವಳನ್ನ ಬಿಡಿ, ಅವಳಾಗ ಮಗು" ಎಂದ ಅಪ್ಪ.

"ಎರಡು ವರ್ಷದ ಹಿಂದೆ ಮಗುನಾ?"

ಡಾಕ್ಟರು ಕಿಟಕಿಯ ಹತ್ತಿರ ಹೋಗಿ ಬೆನ್ನು ಮಾಡಿ ನಿಂತಳು. ಗುಡ್ಡದ ಬಗ್ಗೆ ಹೇಳಿದಳು, ಯಾರಿಗೆ ಎನ್ನುವುದಿಲ್ಲದೆ: ಆ ಬೇಲಿ ನಿಂತಿರುವುದೇ ಈ ಗಿಡದ ಹೆಸರಿನ ಮೇಲೆ, ಕ್ವಾರಿಯವರಿಗೆ ಇದು ತಿಳಿದರೆ ಸುಮ್ಮನಿರುತ್ತಾರೆಯೇ? ಅಷ್ಟು ಹೇಳಿ ತಾನೇ ಲೆಕ್ಕ ಹಾಕಿದಳು. ಬೇಲಿಯೊಳಗೆ ಈ ಹದಿನೈದು ವರ್ಷದಲ್ಲಿ ಮರ ಬಂದಿವೆ, ಹಕ್ಕಿ ಬಂದಿವೆ, ಬೇರೆಲ್ಲೂ ಕಾಣದ ಎರಡು ಜಾತಿಯ ಕಪ್ಪೆ ಬಂದಿವೆ. ತಾನು ಕಾಣದ ಗುಡ್ಡವನ್ನು ಗಂಟುಗಿಡ ಉಳಿಸಿಕೊಟ್ಟಿತ್ತು. ಇನ್ನು ಆ ಬೇಲಿಯನ್ನು ಕಪ್ಪೆಗಳು ನೋಡಿಕೊಳ್ಳಬೇಕು.

ಆಮೇಲೆ ತಿರುಗಿದಳು. "ಅಜ್ಜಾ, ಹಾಗಾದ್ರೆ ತೊರೆ ಹತ್ತಿರ ದೊಡ್ಡವರಿಗೆ ಸಿಕ್ಕಿದ್ದು ಯಾವುದು?"

ಅಪ್ಪ ಹಾಳೆಯ ಕಡೆ ನೋಡಿದ, ಮತ್ತೆ ಡಾಕ್ಟರ ಕಡೆ ನೋಡಿದ. ಈ ಪ್ರಶ್ನೆಯನ್ನು ಅವನು ನಲವತ್ತು ವರ್ಷದಲ್ಲಿ ಒಮ್ಮೆಯೂ ಕೇಳಿಕೊಂಡಿರಲಿಲ್ಲವೆಂದು ಮಗಳಿಗೆ ಆ ಕ್ಷಣ ತಿಳಿಯಿತು. ಅದು ಎಲ್ಲ ಕಡೆ ಸಿಗುವ ಹುಲ್ಲೇ ಇರಬಹುದು. ಅಲ್ಲದೆಯೂ ಇರಬಹುದು. ಗೋಂದಿನ ಒಲೆಯ ಬೂದಿಯಲ್ಲಿ ಅದರ ಹೆಸರೂ ಹೋಗಿತ್ತು.

"ಬಿಳಿ ಹೂ" ಎಂದ. "ಅಷ್ಟೇ ಗೊತ್ತು ತಾಯಿ. ಬಿಳಿ ಹೂ ಇತ್ತು." ಅವನ ಕಣ್ಣು ತುಂಬಿದ್ದು ಆಗಲೇ. ತನ್ನ ಮಾನ ಹೋದಾಗ ತುಂಬಿರಲಿಲ್ಲ.

ಡಾಕ್ಟರು ಕುರ್ಚಿ ಎಳೆದು ಅವನೆದುರು ಕೂತಳು. ಸಿಟ್ಟು ಮುಖದ ಮೇಲೆ ಹಾಗೇ ಇತ್ತು, ಆದರೆ ಕೈ ನೋಟ್‌ಬುಕ್ಕಿಗೆ ಹೋಗಿತ್ತು. "ಹೊಸ ಗುಂಡಿ ಅಂದ್ರಲ್ಲ, ಎಷ್ಟು ಆಳ?"

"ಮೊಣಕಾಲಿಗೆ ಒಂದು ಬೆರಳು ಕಡಿಮೆ."

"ಯಾರ ಮೊಣಕಾಲು?"

"ಹತ್ತು ವರ್ಷದ ಹುಡುಗಂದು" ಎಂದು ಅಪ್ಪ ತನ್ನ ಕಾಲಿನ ಮೇಲೆ ಜಾಗ ತೋರಿಸಿದ. ಡಾಕ್ಟರು ಟೇಪು ಹಿಡಿದು ಅಳೆದಳು. ಮಣ್ಣಿನ ಬಣ್ಣ ಕೇಳಿದಳು, ನೀರು ಎಷ್ಟು ದಿನ ನಿಲ್ಲುತ್ತಿತ್ತು ಕೇಳಿದಳು, ಎಮ್ಮೆ ಕತ್ತೆ ಇಳಿಯುತ್ತಿದ್ದವೇ ಕೇಳಿದಳು. ಮಧ್ಯಾಹ್ನದವರೆಗೆ ಅವನು ಮಾತಾಡಿದ. ಎರಡು ಮಾತಲ್ಲ, ಎರಡು ಸಾವಿರ. ಮಗಳು ತನ್ನಪ್ಪನ ಬಾಲ್ಯವನ್ನು ಪೂರ್ತಿಯಾಗಿ ಕೇಳಿದ್ದು ಆ ದಿನ, ಪರರ ನೋಟ್‌ಬುಕ್ಕಿಗೆ ಬರೆಸುತ್ತಿದ್ದಾಗ.

ಶುಕ್ರವಾರದ ಕಾರ್ಯಕ್ರಮ ರದ್ದಾಯಿತು. ಡೈರೆಕ್ಟರು ಅಪ್ಪನನ್ನು ಮಾತಾಡಿಸಲಿಲ್ಲ. ಎದುರಿಗೆ ಸಿಕ್ಕರೂ ಬೀರುಗಳ ಕಡೆ ನೋಡುತ್ತ ಹೋದರು. ಸಂಗ್ರಹಾಲಯದ ಪತ್ರಿಕೆಯಲ್ಲಿ, "ಸಿಬ್ಬಂದಿಯೊಬ್ಬರ ಅಪ್ರಾಮಾಣಿಕತೆಯಿಂದ" ಎಂದು ಅಚ್ಚಾಯಿತು. ಅಪ್ಪ ಅದನ್ನು ಎರಡು ಸಲ ಓದಿ, "ಕಾಗುಣಿತ ಸರಿಯಾಗಿದೆ" ಎಂದು ಪಕ್ಕಕ್ಕಿಟ್ಟ. ಅವಳಿಗೂ ಒಂದು ನೋಟಿಸು ಬಂತು. ಡಾಕ್ಟರು ಒಂದು ತಿಂಗಳು ಅವಳನ್ನು ಅಕ್ಕಾ ಎನ್ನದೆ, ಮೇಡಂ ಎಂದಳು.

ಆದರೆ ಮೈದಾನದ ತುದಿಯ ಆ ಪಟ್ಟಿ ಜಾಗ ಬಳಸಲು ಡ್ರೈವಿಂಗ್ ಶಾಲೆಯವರು ಒಪ್ಪಿದರು. ಅವರಿಗೆ ಅದು ಕಾರು ಬೀಳುವ ಗುಂಡಿ, ಅಷ್ಟೇ. ಹುಲ್ಲು ಕಿತ್ತು, ಮೇಲಿನ ಮಣ್ಣು ಹೆರೆದು, ಜೇಡಿ ಕಾಣುವವರೆಗೆ ಅಗೆಯಬೇಕು. ನಾಲ್ಕು ಕುಂಡಗಳನ್ನು ಇಲ್ಲಿ ಇಳಿಸುವ ಮೊದಲು, ಮಣ್ಣಿನಡಿ ಹಳೆಯ ಬೀಜ ಉಳಿದಿವೆಯೇ ನೋಡೋಣ, ಮೂವತ್ತಾರು ವರ್ಷ ಪೊಟ್ಟಣದಲ್ಲಿ ಬದುಕಿದ್ದು ಕೆಸರಿನಲ್ಲಿ ಬದುಕಿರಬಾರದೇ ಎಂದು ಡಾಕ್ಟರ ಲೆಕ್ಕ. ಅಗೆಯುವ ಮೂರು ದಿನವೂ ಅಪ್ಪ ಮಡಚುವ ಕುರ್ಚಿ ಹಾಕಿಕೊಂಡು ದಂಡೆಯ ಮೇಲೆ ಕೂತಿದ್ದ.

"ಆಳ ಆಯ್ತು, ಆಳ ಆಯ್ತು! ಬಾವಿ ತೋಡ್ತಿದ್ದೀರೇನ್ರೀ? ಇಟ್ಟಿಗೆಗೆ ಮಣ್ಣು ತೆಗೆಯೋ ಹಾಗೆ ತೆಗೀರಿ. ಪುಟ್ಟೀ, ಆ ಅಂಚು ಇಳಿಜಾರು ಮಾಡು, ಕಪ್ಪೆ ಹತ್ತೋದು ಹೇಗೆ?"

ನಲವತ್ತೊಂಬತ್ತರ ಪುಟ್ಟಿ ಗುದ್ದಲಿ ಹಿಡಿದು ಅಂಚನ್ನು ಇಳಿಜಾರು ಮಾಡಿದಳು.

ಮಳೆ ಆ ವರ್ಷ ಐದು ವಾರ ತಡವಾಗಿ ಬಂತು. ಬಂದದ್ದು ಒಂದೇ ರಾತ್ರಿಯಲ್ಲಿ ಒಂದು ತಿಂಗಳದ್ದು ಸುರಿಸಿ ಹೋಯಿತು. ಗುಂಡಿ ತುಂಬಿತು, ಚಹಾದ ಬಣ್ಣ. ಇಪ್ಪತ್ತು ದಿನದ ಮೇಲೆ ಒಂದು ಬೆಳಿಗ್ಗೆ ಮೂವರೂ ಹೋದರು. ನೀರು ಸ್ವಲ್ಪ ಇಳಿದು, ಅಂಚಿನಲ್ಲಿ ಮೊಳದಗಲ ಹೊಳೆಯುವ ಕೆಸರು ಬಿಟ್ಟಿತ್ತು. ಆ ಕೆಸರಿನ ಮೇಲೆ ಅಲ್ಲಲ್ಲಿ ಹಸಿರು ಚುಕ್ಕೆಗಳು. ಸೂಜಿಯ ಮೊನೆಯಷ್ಟು. ಎರಡೆರಡು ಎಲೆ.

ಡಾಕ್ಟರು ಹೊಟ್ಟೆಯ ಮೇಲೆ ಮಲಗಿ ಭೂತಕನ್ನಡಿ ಹಿಡಿದಳು. "ಇನ್ನೂ ಎರಡೆಲೆ. ಇಷ್ಟರಲ್ಲಿ ಹೇಳೋಕಾಗಲ್ಲ. ಬರೀ ಕಳೆಯೂ ಆಗಿರಬಹುದು." ಆಮೇಲೆ ತಲೆ ಎತ್ತಿದಳು. "ಅಜ್ಜಾ, ನೀವು ನೋಡಿದವರು. ಬನ್ನಿ, ಹೇಳಿ. ಅದೇನಾ?"

ಅಪ್ಪ ಕುರ್ಚಿಯಿಂದ ಎದ್ದು ದಂಡೆಯವರೆಗೆ ಬಂದ. ಚಪ್ಪಲಿ ಬಿಟ್ಟ. ಕೆಸರಿಗೆ ಇಳಿಯಲಿಲ್ಲ. ಬಗ್ಗಿ, ಕಣ್ಣು ಕಿರಿದು ಮಾಡಿ ನೋಡಿದ. ಅವನಿಗೆ ಗೊತ್ತಾಗಿತ್ತೋ ಇಲ್ಲವೋ, ಮುಖದಿಂದ ಹೇಳುವಂತಿರಲಿಲ್ಲ.

"ನಾನು ಹೇಳಲ್ಲ ತಾಯಿ" ಎಂದ. "ಒಂದು ಸಲ ಹೇಳಿ ನಲವತ್ತು ವರ್ಷ ಎಲ್ಲರನ್ನೂ ಅಲೆಸಿದ್ದೀನಿ. ಹೂ ಬಿಡಲಿ. ಅದೇ ಹೇಳಲಿ."

"ಹೂ ಬಿಡೋಕೆ ಇನ್ನೂ ಎರಡು ತಿಂಗಳು ಬೇಕು" ಎಂದಳು ಡಾಕ್ಟರು.

"ಕಾಯೋಣ" ಎಂದ ಅಪ್ಪ, ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಳ್ಳುತ್ತ.

ಡಾಕ್ಟರು ಚೀಲದಿಂದ ನೂಲಿನ ಉಂಡೆ ತೆಗೆದು ಮಗಳ ಕಡೆ ಚಾಚಿದಳು. "ಅಕ್ಕಾ, ಈ ನೂಲಿನ ತುದಿ ಹಿಡೀರಿ. ಚೌಕ ಹಾಕಿ ಎಷ್ಟಿವೆ ಎಣಿಸೋಣ."